ಕರುಳಿನ ತಂತಿ, ಬಾಗಿದ ಕೊಳವೆ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ಸಂತೋಷ. ಇವತ್ತಿನ ಮಾತನ್ನು ಮಳೆಯಿಂದಲೇ ಶುರು ಮಾಡುತ್ತೇನೆ. ವಿಷಯ ಹಳೆಯ ವಾದ್ಯಗಳನ್ನು ಮತ್ತೆ ನುಡಿಸಿದ ವಿಯೆನ್ನಾದ ಒಂದು ಗುಂಪು. ಅದಕ್ಕೂ ಮಳೆಗೂ ಸ್ವಲ್ಪ ನಂಟಿದೆ.

ಕೆಲವು ವರ್ಷದ ಹಿಂದೆ ನನಗೊಂದು ಹುಚ್ಚು ಹಿಡಿದಿತ್ತು. ಪಿಟೀಲಿಗೆ ಕರುಳಿನ ತಂತಿ ಹಾಕಿ ನುಡಿಸಿ ನೋಡಬೇಕು ಅಂತ. ಕುರಿಯ ಕರುಳನ್ನು ತೊಳೆದು, ಎಳೆ ಬಿಡಿಸಿ, ಹುರಿ ಹೊಸೆದು, ಒಣಗಿಸಿ ಮಾಡುವ ತಂತಿ ಅದು. ಹೊರದೇಶದಿಂದ ತರಿಸಿದೆ. ಪೊಟ್ಟಣ ಬಿಚ್ಚುವಾಗ ಅಮ್ಮ ಬಂದು ನೋಡಿದರು. 'ಏನೋ ಅದು?' ಅಂದರು. ಹೇಳಿದೆ. 'ಕುರಿ ಕರುಳಾ? ದೇವರ ಮನೆ ಹತ್ತಿರ ತಂದೀಯ, ಜೋಕೆ' ಅಂತ ಹೇಳಿ ಹೊರಟೇಹೋದರು.

ಜುಲೈ ತಿಂಗಳು. ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ. ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ ಮೊದಲನೇ ತಂತಿ ಜಾರಿರುತ್ತಿತ್ತು. ಅದನ್ನು ಸರಿ ಮಾಡಿದರೆ ಎರಡನೆಯದು. ಗಾಳಿಯಲ್ಲಿ ತೇವ ಏರಿಳಿದ ಹಾಗೆಲ್ಲ ಕರುಳಿನ ಶ್ರುತಿಯೂ ಓಡಾಡುತ್ತದೆ. ನಾಲ್ಕನೇ ದಿನ ರಾತ್ರಿ ಪೆಟ್ಟಿಗೆಯೊಳಗಿಂದ 'ಟಪ್' ಅಂತ ಸದ್ದು ಬಂತು. ಬೆಳಿಗ್ಗೆ ನೋಡಿದರೆ ಸಣ್ಣ ತಂತಿ ತುಂಡಾಗಿತ್ತು. ದುಡ್ಡು ದಂಡ.

ಆದರೆ ಆ ನಾಲ್ಕು ದಿನ ನನ್ನ ಕೈ ಬೇರೆಯಾಗಿತ್ತು. ಉಕ್ಕಿನ ತಂತಿಯಲ್ಲಿ ನಾನು ಕಮಾನು ಒತ್ತಿ ನಾದ ತೆಗೆಯುತ್ತಿದ್ದೆ. ಕರುಳಿನ ಮೇಲೆ ಹಾಗೆ ಒತ್ತಿದರೆ ಅದು ಕಿರ್ ಅನ್ನುತ್ತದೆ. ಕಾವಲಿಗೆ ಎಣ್ಣೆ ಸವರಿದ ಹಾಗೆ ಹಗುರವಾಗಿ ಕಮಾನು ಬಿಡಬೇಕು. ಆಗ ಒಂದು ತಮಾಷೆ ನಡೆಯುತ್ತದೆ. ಪ್ರತಿ ಸ್ವರದ ಶುರುವಿನಲ್ಲಿ ಒಂದು ಪುಟ್ಟ ವ್ಯಂಜನ ಕೇಳಿಸುತ್ತದೆ, 'ತ'ವೋ 'ಕ'ವೋ ಅನ್ನುವ ಹಾಗೆ. ಬರೀ ಸ್ವರ ಎಳೆದ ಹಾಗಿರುವುದಿಲ್ಲ. ಯಾರೋ ಮಾತಾಡಿದ ಹಾಗಿರುತ್ತದೆ. ನನಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ತಂತಿಯೇ ಹೇಳಿಕೊಟ್ಟಿತು.

ಹೀಗೆ ಹಳೆಯ ವಾದ್ಯವನ್ನೇ ಮೇಷ್ಟ್ರನ್ನಾಗಿ ಮಾಡಿಕೊಂಡು ಅದರ ಹತ್ತಿರ ಅರವತ್ತು ವರ್ಷ ಪಾಠ ಹೇಳಿಸಿಕೊಂಡ ಒಂದು ದಂಪತಿ, ಅವರ ಸುತ್ತ ಸೇರಿದ ಒಂದು ಗುಂಪು, ಇವತ್ತಿನ ನನ್ನ ವಿಷಯ. ಗುಂಪಿನ ಹೆಸರು ಕಾನ್‌ಸೆಂಟಸ್ ಮ್ಯೂಸಿಕಸ್ ವೀನ್. ವೀನ್ ಅಂದರೆ ವಿಯೆನ್ನಾ ಊರಿಗೆ ಅಲ್ಲಿಯವರು ಕರೆಯುವ ಹೆಸರು.

1952ರಲ್ಲಿ ವಿಯೆನ್ನಾ ಸಿಂಫನಿ ಆರ್ಕೆಸ್ಟ್ರಾಕ್ಕೆ ಒಬ್ಬ ಹುಡುಗ ಚೆಲ್ಲೋ, ಅಂದರೆ ಕಾಲ ನಡುವೆ ಇಟ್ಟುಕೊಳ್ಳುವ ದೊಡ್ಡ ಪಿಟೀಲು, ನುಡಿಸಲು ಸೇರಿದ. ನಿಕೋಲಾಸ್ ಹಾರ್ನೋನ್‌ಕೋರ್ಟ್. ಹುಟ್ಟಿದ್ದು 1929ರಲ್ಲಿ, ಬರ್ಲಿನ್ನಿನಲ್ಲಿ. ಬೆಳೆದದ್ದು ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ. ದೊಡ್ಡ ಮನೆತನ, ತಾಯಿಯ ಕಡೆಯಿಂದ ಹಾಬ್ಸ್‌ಬರ್ಗ್ ರಾಜವಂಶದ ನಂಟು. ಅವರನ್ನು ಆರಿಸಿಕೊಂಡವರು ಆರ್ಕೆಸ್ಟ್ರಾದ ಮುಂದೆ ನಿಂತು ನಡೆಸುವ ಕಂಡಕ್ಟರ್ ಹರ್ಬರ್ಟ್ ಫಾನ್ ಕಾರಾಯನ್. ಈ ಕಾರಾಯನ್ ಹೆಸರು ಬಂದಾಗ ಮೈಸೂರಿನವರು ಸ್ವಲ್ಪ ಎದೆಯುಬ್ಬಿಸಬಹುದು. 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿ ಹಣದ ನೆರವು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಆ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಮುಂದೆ ನಿಂತು ಆ ಕಾಲದಲ್ಲಿ ಹೆಸರು ಮಾಡಿದವರು ಇದೇ ಕಾರಾಯನ್. ಸರಿ, ಅದು ಅಲ್ಲಿಗೆ ಬಿಡಿ. ಅರಮನೆ ವಿಷಯ ಎತ್ತಿದರೆ ಇವತ್ತು ಮುಗಿಯುವುದಿಲ್ಲ.

ಆರ್ಕೆಸ್ಟ್ರಾದಲ್ಲಿ ಕೆಲಸ ಅಂದರೆ ಸಂಬಳದ ಕೆಲಸ. ಇವತ್ತು ಬ್ರಾಮ್ಸ್, ನಾಳೆ ಬಾಖ್, ನಾಡಿದ್ದು ಮೊಜಾರ್ಟ್. ಎಲ್ಲರೂ ಸಂಗೀತ ಬರೆದವರು, ಬೇರೆ ಬೇರೆ ಕಾಲದವರು. ಎಲ್ಲವನ್ನೂ ಒಂದೇ ಚೆಲ್ಲೋ, ಒಂದೇ ಕಮಾನು, ಒಂದೇ ರೀತಿ. ಬಾಖ್ ಸತ್ತದ್ದು 1750ರಲ್ಲಿ, ಬ್ರಾಮ್ಸ್ ಸತ್ತದ್ದು 1897ರಲ್ಲಿ. ನಡುವೆ ಒಂದೂವರೆ ಶತಮಾನ. ಪುರಂದರದಾಸರ ಪದವನ್ನೂ ಸಿನಿಮಾ ಹಾಡನ್ನೂ ಒಂದೇ ಧಾಟಿಯಲ್ಲಿ ಹಾಡಿದರೆ ಹೇಗಿರುತ್ತದೆ? ಹಾರ್ನೋನ್‌ಕೋರ್ಟ್‌ಗೆ ಇದೇ ಕಿರಿಕಿರಿ. ಬಾಖ್ ನುಡಿಸುವ ದಿನ ಆರ್ಕೆಸ್ಟ್ರಾದಲ್ಲಿ ಯಾಕೆ ಇಷ್ಟು ಬೇಜಾರಾಗುತ್ತದೆ ಅಂತ ಅವರು ತಮ್ಮನ್ನೇ ಕೇಳಿಕೊಂಡರು. ಬರೆದವನು ಬೇಜಾರಿನ ಮನುಷ್ಯನೋ, ನಾವು ನುಡಿಸುವುದು ಬೇಜಾರೋ?

1953ರಲ್ಲಿ ಆಲಿಸ್ ಹಾಫೆಲ್ನರ್ ಎಂಬ ಪಿಟೀಲು ವಾದಕಿಯನ್ನು ಮದುವೆಯಾದರು. ಅದೇ ವರ್ಷ ಗುಂಪು ಶುರುವಾಯಿತು. ಆಗಿನ ವಿಯೆನ್ನಾ ನೆನಪಿಸಿಕೊಳ್ಳಿ. ಯುದ್ಧ ಮುಗಿದು ಎಂಟು ವರ್ಷ. ಊರನ್ನು ಇನ್ನೂ ನಾಲ್ಕು ದೇಶದ ಸೈನ್ಯ ಹಂಚಿಕೊಂಡು ಕೂತಿತ್ತು. ದುಡ್ಡಿಲ್ಲ. ಆರ್ಕೆಸ್ಟ್ರಾದ ಗೆಳೆಯರು ಕೆಲಸ ಮುಗಿಸಿಕೊಂಡು ಇವರ ಮನೆಗೆ ಬರುತ್ತಿದ್ದರು. ಮನೆಯ ಹಾಲ್‌ನಲ್ಲೇ ಅಭ್ಯಾಸ. ಹಳೆಯ ವಾದ್ಯಗಳನ್ನು ಹುಡುಕಿ ತರುವುದು, ರಿಪೇರಿ ಮಾಡಿಸುವುದು, ಗ್ರಂಥಾಲಯಗಳಿಂದ ಹಳೆಯ ಸ್ವರಲಿಪಿ ಕೈಯಲ್ಲಿ ಬರೆದುಕೊಂಡು ಬರುವುದು, ನುಡಿಸುವುದು, ಸರಿ ಬರಲಿಲ್ಲ ಅಂತ ಜಗಳ ಆಡುವುದು. ನಾಲ್ಕು ವರ್ಷ ಹೀಗೇ ನಡೆಯಿತು. ಜನರ ಮುಂದೆ ಮೊದಲ ಕಛೇರಿ ಆದದ್ದು 1957ರಲ್ಲಿ. ನಾಲ್ಕು ವರ್ಷ ಸುಮ್ನೆ ಮನೆಯಲ್ಲಿ ಅಭ್ಯಾಸ ಮಾಡುವ ತಾಳ್ಮೆ ಇವತ್ತು ಯಾರಿಗಿದೆ ಹೇಳಿ. ನಾಲ್ಕು ದಿನಕ್ಕೇ ನನ್ನ ತಂತಿ ಕಡಿಯಿತು, ನಾನು ಬಿಟ್ಟೆ.

ಇವರಿಗಿಂತ ಮುಂಚೆ ಯಾರೂ ಈ ಕಡೆ ತಲೆ ಹಾಕಿರಲಿಲ್ಲ ಅಂತಲ್ಲ. ಇಂಗ್ಲೆಂಡಿನಲ್ಲಿ ಆರ್ನಲ್ಡ್ ಡಾಲ್ಮೆಚ್ ಅಂತ ಒಬ್ಬರಿದ್ದರು. ಪಿಯಾನೋದ ಹಾಗೆ ಒತ್ತಿ ನುಡಿಸುವ ಹಾರ್ಪ್ಸಿಕಾರ್ಡ್, ಬೆರಳಲ್ಲಿ ಮೀಟುವ ಲ್ಯೂಟ್, ಕಮಾನು ಹಾಕುವ ವಯೋಲ್ ಎಲ್ಲವನ್ನೂ ತಾವೇ ಮಾಡಿ ನುಡಿಸುತ್ತಿದ್ದರು. 1919ರಲ್ಲಿ ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಲ್ಲಿ ಅವರ ಚಿಕ್ಕ ಮಗ ಒಂದು ಚೀಲ ಮರೆತು ಬಂದ. ಅದರೊಳಗೆ ಬ್ರೆಸ್ಸನ್ ಎಂಬ ಹಳೆಯ ಕುಶಲಿ ಮಾಡಿದ ರಿಕಾರ್ಡರ್ ಕೊಳಲಿತ್ತು. ಹೋದದ್ದು ಹೋಯಿತು ಅಂತ ಅಪ್ಪ ಸುಮ್ಮನಾಗಲಿಲ್ಲ, ಅಳತೆ ನೋಡಿಕೊಂಡು ತಾವೇ ಹೊಸದು ಮಾಡಲು ಕೂತರು. ಇವತ್ತು ಎಷ್ಟೋ ಶಾಲೆಗಳಲ್ಲಿ ಮಕ್ಕಳು ಊದುವ ರಿಕಾರ್ಡರ್ ಮತ್ತೆ ಹುಟ್ಟಿಬಂದದ್ದರ ಹಿಂದೆ ಆ ಮರೆತ ಚೀಲವೂ ಇದೆ.

ಕಾನ್‌ಸೆಂಟಸ್ ಗುಂಪು ಶುರುವಿನ ವರ್ಷಗಳಲ್ಲಿ ಬಾಖ್‌ಗಿಂತ ಹಿಂದಕ್ಕೆ, ಐನೂರು ವರ್ಷ ಹಿಂದಿನ ರಿನೈಸಾನ್ಸ್ ಕಾಲಕ್ಕೂ ಹೋಗಿತ್ತು. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್‌ನ ಆಸ್ಥಾನದ ಸಂಗೀತ ನುಡಿಸಿ ಡಿಸ್ಕ್ ತಂದರು. ಈ ಚಕ್ರವರ್ತಿ 1498ರಲ್ಲಿ ವಿಯೆನ್ನಾದಲ್ಲಿ ಆಸ್ಥಾನದ ಸಂಗೀತ ತಂಡ ಕಟ್ಟಿದವನು. ಹೈನ್‌ರಿಖ್ ಇಸಾಕ್, ಅವನ ಶಿಷ್ಯ ಲೂಡ್‌ವಿಗ್ ಸೆನ್‌ಫ್ಲ್, ತಿದಿಯ ಗಾಳಿಯಿಂದ ಕೊಳವೆ ನುಡಿಸುವ ಆರ್ಗನ್ ವಾದ್ಯದ ಪೌಲ್ ಹೋಫ್‌ಹೈಮರ್ ಇವನ ಆಶ್ರಯದಲ್ಲಿದ್ದವರು.

ಆ ಕಾಲದ ಸ್ವರಲಿಪಿಯಲ್ಲಿ ಯಾವ ಸಾಲನ್ನು ಯಾವ ವಾದ್ಯ ನುಡಿಸಬೇಕು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ಹಾಗಾದರೆ ಗೊತ್ತಾಗುವುದು ಹೇಗೆ? ಚಿತ್ರಗಳಿಂದ. ಈ ಮ್ಯಾಕ್ಸಿಮಿಲಿಯನ್ ತನ್ನ ಹೆಸರಿನಲ್ಲಿ ಒಂದು ಭಾರಿ ಮೆರವಣಿಗೆ ಮಾಡಿಸಿದ. ಬೀದಿಯಲ್ಲಲ್ಲ, ಕಾಗದದ ಮೇಲೆ! ಮರದ ಅಚ್ಚಿನಲ್ಲಿ ಕೆತ್ತಿ ಒತ್ತಿದ ನೂರಕ್ಕೂ ಜಾಸ್ತಿ ಚಿತ್ರ, ಉದ್ದಕ್ಕೆ ಜೋಡಿಸಿದರೆ ಒಂದು ಜಂಬೂಸವಾರಿ. ನಿಜವಾಗಿ ಅಂಥ ಮೆರವಣಿಗೆ ನಡೆಯಲೇ ಇಲ್ಲ. ಅದರಲ್ಲಿ ಸಂಗೀತಗಾರರದ್ದೇ ಗಾಡಿಗಳಿವೆ. ಒಂದರಲ್ಲಿ ಲ್ಯೂಟ್ ಮತ್ತು ವಯೋಲ್. ಇನ್ನೊಂದರಲ್ಲಿ ಊದುವವರು. ಮತ್ತೊಂದರಲ್ಲಿ ಹೋಫ್‌ಹೈಮರ್ ಪುಟ್ಟ ಆರ್ಗನ್ ಮುಂದೆ ಕೂತಿದ್ದಾನೆ, ಗಾಡಿ ಎಳೆಯುತ್ತಿರುವುದು ಒಂಟೆ. ಮೆರವಣಿಗೆಯ ಹಿಂದೆ ಆನೆಯ ಜೊತೆ ಕಲ್ಲಿಕೋಟೆಯ ಜನ ಅಂತ ಒಂದು ಗುಂಪೂ ಇದೆ. ಅದನ್ನು ಬಿಡಿಸಿದ ಹಾನ್ಸ್ ಬುರ್ಕ್‌ಮೈರ್ ಕಲ್ಲಿಕೋಟೆ ನೋಡಿದವನಲ್ಲ. ಆದರೂ ಆನೆ ಚೆನ್ನಾಗಿದೆ.

ಈ ಗಾಡಿಗಳನ್ನು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಆ ಕಾಲದವರು ವಾದ್ಯಗಳನ್ನು ಜೋರಿನವು, ಮೆತ್ತಗಿನವು ಅಂತ ಬೇರೆ ಮಾಡಿದ್ದರು. ನಮಗೆ ಇದನ್ನು ವಿವರಿಸುವುದೇ ಬೇಡ. ಮದುವೆ ಮನೆ ಬಾಗಿಲಲ್ಲಿ ವಾಲಗ, ಒಳಗೆ ವೀಣೆ. ವಾಲಗದ ಪಕ್ಕ ವೀಣೆ ಕೂರಿಸುವವರು ಯಾರಿದ್ದಾರೆ? ಅವರ ಕಡೆ ಶಾಮ್ ಅಂತ ಒಂದು ವಾದ್ಯ ಇತ್ತು. ಎರಡು ಪದರದ ಪೀಪಿ, ಕೆಳಗೆ ಅಗಲವಾಗುವ ಮರದ ಕೊಳವೆ. ನಮ್ಮ ನಾಗಸ್ವರ, ಶಹನಾಯಿಗಳ ದಾಯಾದಿಯೇ. ಅದೇ ಮುಂದೆ ಪಳಗಿ ಒಳಮನೆಗೆ ಬಂದು ಓಬೋ ಆಯಿತು. ಕ್ರಮ್‌ಹಾರ್ನ್ ಅಂತ ಇನ್ನೊಂದು, ಊರುಗೋಲು ತಲೆಕೆಳಗು ಹಿಡಿದ ಹಾಗೆ ತುದಿ ಬಾಗಿರುತ್ತದೆ. ಅದರಲ್ಲಿ ಪೀಪಿಯ ಮೇಲೆ ಒಂದು ಮುಚ್ಚಳ ಇರುತ್ತದೆ, ತುಟಿ ಪೀಪಿಯನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಸದ್ದು ಏರಿಸುವುದು ಇಳಿಸುವುದು ಏನೂ ನಡೆಯುವುದಿಲ್ಲ. ಊದಿದರೆ ಜೇನುನೊಣ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತದೆ. ನನಗೆ ಐದು ನಿಮಿಷಕ್ಕಿಂತ ಜಾಸ್ತಿ ಕೇಳಲು ಆಗುವುದಿಲ್ಲ, ಇದ್ದದ್ದು ಹೇಳಿಬಿಡುತ್ತೇನೆ.

ವಯೋಲಾ ದ ಗಾಂಬಾ ಹಾಗಲ್ಲ. ಹಾರ್ನೋನ್‌ಕೋರ್ಟ್ ಚೆಲ್ಲೋ ಜೊತೆಗೆ ಇದನ್ನೂ ನುಡಿಸುತ್ತಿದ್ದರು. ಆರೋ ಏಳೋ ತಂತಿ. ವೀಣೆಯ ಹಾಗೆ ಇದಕ್ಕೂ ಮೆಟ್ಟಿಲುಗಳಿವೆ, ಆದರೆ ಲೋಹದ್ದಲ್ಲ. ಕರುಳಿನ ದಾರವನ್ನೇ ಕುತ್ತಿಗೆಗೆ ಸುತ್ತಿ ಗಂಟು ಹಾಕಿರುತ್ತಾರೆ. ಬೇಕೆಂದರೆ ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ವಾದ್ಯವನ್ನು ಎರಡು ಕಾಲ ನಡುವೆ ಹಿಡಿದು, ಕಮಾನನ್ನು ಅಂಗೈ ಮೇಲಾಗಿ ಹಿಡಿದು ನುಡಿಸಬೇಕು. ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳಿದಷ್ಟೇ ಸದ್ದು. ಈ ವಾದ್ಯ ಯಾಕೆ ಮೂಲೆಗೆ ಸೇರಿತು ಅಂತ ಇದರಿಂದಲೇ ಗೊತ್ತಾಗುತ್ತದೆ. ಅರಮನೆಯ ಕೋಣೆಯಿಂದ ಸಂಗೀತ ಟಿಕೆಟ್ ಇಟ್ಟ ದೊಡ್ಡ ಸಭಾಂಗಣಕ್ಕೆ ಹೋದಾಗ ಗುಟ್ಟು ಹೇಳುವವರಿಗೆ ಅಲ್ಲಿ ಕೆಲಸ ಇರಲಿಲ್ಲ.

ಪಿಟೀಲಿಗೂ ಇದೇ ಕಾಟ ಬಂತು, ಆದರೆ ಅದು ಬದಲಾಗಿ ಬದುಕಿತು. ಇಟಲಿಯ ಹೆಸರಾಂತ ಕುಶಲಿ ಸ್ಟ್ರಾಡಿವರಿ ಹಿಂದೆ ಮಾಡಿದ್ದ ಪಿಟೀಲುಗಳನ್ನೂ 1800ರ ಆಸುಪಾಸಿನಲ್ಲಿ ಬಿಚ್ಚಿ ಹಳೆಯ ಕುತ್ತಿಗೆ ತೆಗೆದು ಉದ್ದದ ಕುತ್ತಿಗೆ ಹಾಕಿದರು. ಅದನ್ನು ಹಿಂದಕ್ಕೆ ವಾಲಿಸಿದರು. ತಂತಿ ಹೊರುವ ಕುದುರೆ ಎತ್ತರ ಮಾಡಿದರು. ಒಳಗಿನ ಆಸರೆಯ ಪಟ್ಟಿ ದಪ್ಪ ಮಾಡಿದರು. ತಂತಿಯ ಬಿಗಿ ಹೆಚ್ಚಿತು, ಸದ್ದು ದೂರ ಹೋಯಿತು. ಇವತ್ತು ಕೋಟಿಗಟ್ಟಲೆ ಬೆಲೆಯ ಮುನ್ನೂರು ವರ್ಷದ ಪಿಟೀಲು ಅಂತ ತೋರಿಸುತ್ತಾರಲ್ಲ, ಬಹುಪಾಲು ಎಲ್ಲದರ ಕುತ್ತಿಗೆಯೂ ಆಮೇಲಿನದೇ. ಗದ್ದಕ್ಕೆ ಒರಗಿಸುವ ಮರದ ತುಂಡು ಬಂದದ್ದು 1820ರ ಸುಮಾರಿಗೆ, ಸ್ಪೋರ್ ಎಂಬ ಜರ್ಮನ್ ವಾದಕನಿಂದ. ನಮ್ಮ ಕಡೆ, ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತದ್ದೂ ಹೆಚ್ಚು ಕಡಿಮೆ ಈ ಬದಲಾವಣೆಯ ಕಾಲದಲ್ಲೇ. ಅಂದರೆ ಪಿಟೀಲು ನಮ್ಮ ಮನೆಗೆ ಬಂದಾಗ ಅದಕ್ಕೆ ಇದ್ದದ್ದು ಕರುಳಿನ ತಂತಿಯೇ. ಅಮ್ಮನಿಗೆ ಇದನ್ನು ಹೇಳಿದೆ. ನಂಬಲಿಲ್ಲ.

ಕಮಾನೂ ಬದಲಾಯಿತು. ಈಗಿನ ಕಮಾನಿನ ಕಡ್ಡಿ ಕೂದಲಿನ ಕಡೆಗೆ ಒಳಬಾಗಿದೆ. 1780ರ ದಶಕದಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ತೂರ್ತ್ ಅದಕ್ಕೆ ಈಗಿನ ರೂಪ ಕೊಟ್ಟ. ಬುಡದಿಂದ ತುದಿಯವರೆಗೂ ಒಂದೇ ಬಲ, ಸ್ವರವನ್ನು ರಬ್ಬರಿನ ಹಾಗೆ ಎಷ್ಟು ಬೇಕಾದರೂ ಎಳೆಯಬಹುದು. ಹಳೆಯ ಕಮಾನು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತದೆ, ತುದಿ ಹಗುರ. ಕೆಳಕ್ಕೆ ಎಳೆದರೆ ಸ್ವರ ಗಟ್ಟಿ, ಮೇಲಕ್ಕೆ ತಳ್ಳಿದರೆ ಮೆತ್ತಗೆ. ಸ್ವರ ಹುಟ್ಟಿದ ಕೂಡಲೇ ಗಂಟೆಯ ನಾದದ ಹಾಗೆ ಕರಗಲು ಶುರು. ಒತ್ತು, ಬಿಡು. ಒತ್ತು, ಬಿಡು. ನಾವು ಮಾತಾಡುವುದೂ ಹೀಗೇ ಅಲ್ವಾ? 'ಬಂದೆಯೇನಪ್ಪಾ' ಅನ್ನುವಾಗ ಎಲ್ಲ ಅಕ್ಷರಕ್ಕೂ ಒಂದೇ ಒತ್ತು ಕೊಟ್ಟರೆ ಅದು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗಿರುತ್ತದೆ.

ಹಾರ್ನೋನ್‌ಕೋರ್ಟ್ ಹಿಡಿದ ಎಳೆ ಇದೇ. ಸುಮಾರು 1800ರವರೆಗಿನ ಸಂಗೀತ ಮಾತಾಡುತ್ತದೆ, ಆಮೇಲಿನದು ಚಿತ್ರ ಬಿಡಿಸುತ್ತದೆ ಅಂತ ಅವರು ಹೇಳುತ್ತಿದ್ದರು. ಮಾತಿನ ಸಂಗೀತವನ್ನು ಚಿತ್ರದ ಹಾಗೆ ನುಡಿಸಿದರೆ ಬೇಜಾರಾಗದೆ ಇನ್ನೇನಾಗುತ್ತದೆ? ಅವರು ತಮ್ಮನ್ನೇ ಕೇಳಿಕೊಂಡಿದ್ದ ಪ್ರಶ್ನೆಗೆ ಉತ್ತರ ಕಮಾನಿನಲ್ಲಿತ್ತು.

ಆಲಿಸ್ ಬಗ್ಗೆ ಜನ ಕಮ್ಮಿ ಮಾತಾಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. 1985ರವರೆಗೆ ಗುಂಪಿನ ಮೊದಲ ಪಿಟೀಲು ಅವರದೇ. ನುಡಿಸುತ್ತಿದ್ದದ್ದು ಯಾಕೋಬ್ ಸ್ಟೈನರ್ ಮಾಡಿದ ವಾದ್ಯ. ಸ್ಟೈನರ್ 17ನೇ ಶತಮಾನದವನು, ಆಲ್ಪ್ಸ್ ಬೆಟ್ಟಗಳ ನಡುವಿನ ಟಿರೋಲ್ ಸೀಮೆಯ ಆಬ್ಸಾಮ್ ಊರಿನವನು. ಬಾಖ್ ಕಾಲದ ಜರ್ಮನ್ ನಾಡಿನಲ್ಲಿ ಸ್ಟ್ರಾಡಿವರಿಗಿಂತ ಸ್ಟೈನರ್ ಪಿಟೀಲಿಗೇ ಬೆಲೆ ಜಾಸ್ತಿ. ಅದರ ಹೊಟ್ಟೆ ಉಬ್ಬಿಕೊಂಡಿರುತ್ತದೆ, ಸ್ವರ ಸಿಹಿ, ಸದ್ದು ಸಣ್ಣದು. ದೊಡ್ಡ ಸಭಾಂಗಣದ ಕಾಲ ಬಂದಾಗ ಅದರ ಬೆಲೆ ಬಿತ್ತು, ಸ್ಟ್ರಾಡಿವರಿ ಮೇಲೆ ಹೋಯಿತು. ವಾದ್ಯಗಳಿಗೂ ಗ್ರಹಚಾರ ಅಂತ ಇರುತ್ತದೆ.

ಇನ್ನು ಕಹಳೆ. ಇದು ನನಗೆ ಬಹಳ ಇಷ್ಟದ ಕಥೆ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಬಾಖ್ ಕಾಲದ ಟ್ರಂಪೆಟ್‌ಗೆ ಒತ್ತುವ ಗುಂಡಿಗಳಿಲ್ಲ. ಗುಂಡಿ ಬಂದದ್ದು 1815ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಅದು ಏಳೆಂಟು ಅಡಿ ಉದ್ದದ ಹಿತ್ತಾಳೆ ಕೊಳವೆ, ಮಡಚಿ ಕಟ್ಟಿದ್ದು, ಅಷ್ಟೇ. ತುಟಿ ಬಿಗಿ ಮಾಡಿದ ಹಾಗೆ ಸ್ವರ ಮೇಲೇರುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಸ್ವರಗಳು ದೂರ ದೂರ. ಕೆಳಗಿನಿಂದ ಎಣಿಸಿ ಎಂಟನೆಯ ಸ್ವರದಿಂದ ಮೇಲಕ್ಕೆ ಹೋದರೆ ಮೆಟ್ಟಿಲು ಹತ್ತಿರ ಹತ್ತಿರ ಬರುತ್ತದೆ, ಅಲ್ಲಿ ರಾಗ ನುಡಿಸಬಹುದು. ಆದರೆ ಹನ್ನೊಂದನೆಯದು ಮತ್ತು ಹದಿಮೂರನೆಯದು ನಮಗೆ ಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಹನ್ನೊಂದನೆಯದು ನಮ್ಮ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ ಎಲ್ಲೋ ಬೀಳುತ್ತದೆ. ನುಡಿಸುವವರು ಬರೀ ತುಟಿಯಿಂದ ಅದನ್ನು ಎಳೆದು ತಂದು ಕೂರಿಸಬೇಕು. ಪಕ್ಕದಲ್ಲಿ ಮೂವತ್ತು ಜನ ನೋಡುತ್ತಿರುತ್ತಾರೆ.

ಬಾಖ್ ಕೆಲಸ ಮಾಡಿದ ಜರ್ಮನ್ ಊರು ಲೈಪ್ಸಿಗ್. ಅಲ್ಲಿ ಅವನು ಬರೆದದ್ದನ್ನು ಊದುತ್ತಿದ್ದವನು ಗಾಟ್‌ಫ್ರೀಡ್ ರೈಖೆ. ಊರಿನ ನೌಕರ. ಅವನ ಚಿತ್ರ ಉಳಿದಿದೆ. ಬಾಖ್‌ನ ಪ್ರಸಿದ್ಧ ಚಿತ್ರ ಬರೆದ ಹೌಸ್‌ಮಾನ್‌ನೇ ಅದನ್ನೂ ಬರೆದದ್ದು. ಕೆಂಪು ಮುಖ, ಒಂದು ಕೈಯಲ್ಲಿ ಸುರುಳಿ ಸುತ್ತಿದ ಕಹಳೆ, ಇನ್ನೊಂದು ಕೈಯಲ್ಲಿ ಸ್ವರ ಬರೆದ ಹಾಳೆ. 1734ರ ಅಕ್ಟೋಬರ್ 5ರಂದು ರಾಜ ಊರಿಗೆ ಬಂದಿದ್ದ. ರಾತ್ರಿ ಚೌಕದಲ್ಲಿ ಬಾಖ್ ಬರೆದ ಹೊಸ ಸಂಗೀತ. ನೂರಾರು ವಿದ್ಯಾರ್ಥಿಗಳು ಪಂಜು ಹಿಡಿದು ನಿಂತಿದ್ದರು. ರೈಖೆಗೆ ಆಗ 67 ವರ್ಷ. ಮಾರನೇ ದಿನ ಮನೆಯ ಹತ್ತಿರ ಕುಸಿದು ಬಿದ್ದು ತೀರಿಕೊಂಡ. ಹಿಂದಿನ ರಾತ್ರಿ ಊದಿದ ಆಯಾಸ, ಪಂಜಿನ ಹೊಗೆ, ಇವೇ ಕಾರಣ ಅಂತ ಆ ಊರಿನ ದಾಖಲೆ ಹೇಳುತ್ತದೆ. ಆ ಸಂಗೀತದ ಕಹಳೆಯ ಸಾಲು ನೋಡಿದರೆ ನಂಬಬೇಕು ಅನ್ನಿಸುತ್ತದೆ.

ಇಲ್ಲಿ ಒಂದು ಗುಟ್ಟೂ ಹೇಳಬೇಕು. ಇವತ್ತು ಬರೋಕ್, ಅಂದರೆ ಬಾಖ್ ಕಾಲದ, ಟ್ರಂಪೆಟ್ ಅಂತ ನುಡಿಸುವ ಬಹಳಷ್ಟು ಜನರ ವಾದ್ಯದಲ್ಲಿ ಸಣ್ಣ ತೂತುಗಳಿರುತ್ತವೆ. ಬೆರಳಿಟ್ಟು ಆ ಹಟಮಾರಿ ಸ್ವರಗಳನ್ನು ಸರಿ ಮಾಡಿಕೊಳ್ಳಲು. ಆ ತೂತು 20ನೇ ಶತಮಾನದ್ದು. ರೈಖೆಯ ಕಹಳೆಯಲ್ಲಿ ಇರಲಿಲ್ಲ. ಪ್ರಾಚೀನ ವಾದ್ಯ ಅಂತ ಟಿಕೆಟ್ ಮಾರಿ ಹೀಗೆ ಮಾಡುವುದು ಮೋಸ ಅಲ್ವಾ ಅಂತ ಕೇಳಬಹುದು. ಸ್ವಲ್ಪ ಮೋಸವೇ. ಆದರೆ ವಾರಕ್ಕೆ ನಾಲ್ಕು ಊರಿನಲ್ಲಿ ಕಛೇರಿ ಕೊಡುವವರ ಹೊಟ್ಟೆಪಾಡೂ ಇದೆ.

ಶ್ರುತಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಇವತ್ತು ಅವರ 'ಎ' ಸ್ವರ ಅಂದರೆ ಸೆಕೆಂಡಿಗೆ 440 ಕಂಪನ. ಇದನ್ನು 1939ರಲ್ಲಿ ಲಂಡನ್ನಿನ ಸಭೆಯಲ್ಲಿ ಒಪ್ಪಿಕೊಂಡರು. ಅದಕ್ಕೂ ಮುಂಚೆ ಊರಿಗೊಂದು ಶ್ರುತಿ. ಈಗಿನ ಬರೋಕ್ ಗುಂಪುಗಳು ಅನುಕೂಲಕ್ಕೆ 415 ಅಂತ ಇಟ್ಟುಕೊಂಡಿವೆ, ಅರ್ಧ ಮನೆ ಕೆಳಗೆ. ಬಾಖ್ ಕೆಲಸ ಮಾಡುತ್ತಿದ್ದ ಚರ್ಚಿನಲ್ಲೇ ಎರಡು ಶ್ರುತಿ ಇತ್ತು. ಆರ್ಗನ್ ಒಂದು ಮನೆ ಮೇಲೆ, ಉಳಿದವರು ಕೆಳಗೆ. ಅದಕ್ಕೇ ಅವನು ಆರ್ಗನ್ ನುಡಿಸುವವನಿಗೆ ಮಾತ್ರ ಬೇರೆ ಸ್ವರದಲ್ಲಿ ಹಾಳೆ ಬರೆದುಕೊಡುತ್ತಿದ್ದ. ಗಾಯಕರು ಬದಲಾದಾಗಲೆಲ್ಲ ತಂಬೂರಿ ಬಿರಡೆ ತಿರುಗಿಸುವ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಇನ್ನೊಂದು ವಿಷಯ ಮಾತ್ರ ಗಮನದಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಬರೋಕ್ ಸಂಗೀತದ ಅಡಿಪಾಯ ಅಂದರೆ ಕಂಟಿನ್ಯೂವೋ. ಚೆಲ್ಲೋ ಅಥವಾ ಗಾಂಬಾ ಮಂದ್ರದಲ್ಲಿ ಒಂದು ಸಾಲು ನುಡಿಸುತ್ತಾ ಹೋಗುತ್ತದೆ. ಜೊತೆಗೆ ಹಾರ್ಪ್ಸಿಕಾರ್ಡ್, ಇಲ್ಲ ಆರ್ಗನ್. ಹಾರ್ಪ್ಸಿಕಾರ್ಡ್ ನುಡಿಸುವವರ ಹಾಳೆಯಲ್ಲಿ ಆ ಮಂದ್ರದ ಸಾಲು, ಅದರ ಕೆಳಗೆ 6, 7, 4 ಅಂತ ಅಂಕಿಗಳು ಮಾತ್ರ. ಮೇಲೆ ಏನು ತುಂಬಬೇಕು ಅನ್ನುವುದು ಅವರ ಮನೋಧರ್ಮ. ನಮ್ಮ ತಂಬೂರಿ ಒಂದೇ ಕಡೆ ನಿಂತಿರುತ್ತದೆ. ಇದು ನಡೆಯುತ್ತಿರುತ್ತದೆ. ಆದರೆ ಕೆಲಸ ಹೆಚ್ಚು ಕಡಿಮೆ ಅದೇ. ಅದು ಇರುವವರೆಗೆ ಇದೆ ಅಂತ ಗೊತ್ತಾಗುವುದಿಲ್ಲ. ನಿಂತರೆ ಕಾಲ ಕೆಳಗಿನ ನೆಲ ಹೋದ ಹಾಗಾಗುತ್ತದೆ.

1960ರ ದಶಕದಲ್ಲಿ ಗುಂಪಿನ ಹೆಸರು ಹೊರಗೆ ಹೋಯಿತು. 1964ರಲ್ಲಿ ಬಾಖ್‌ನ ಬ್ರಾಂಡನ್‌ಬರ್ಗ್ ಕನ್ಚೆರ್ಟೋಗಳು ಎಂಬ ವಾದ್ಯ ಸಂಗೀತದ ಡಿಸ್ಕ್. 1968ರಲ್ಲಿ ಮಾಂಟೆವರ್ಡಿಯ ಒರ್ಫೆಯೋ. ಇದು 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಮೊದಲು ಆಡಿದ ಒಪೆರಾ, ಹಾಡಿನಲ್ಲೇ ನಡೆಯುವ ನಾಟಕ. ಅದರ ಅಚ್ಚಾದ ಪುಸ್ತಕದಲ್ಲಿ ಯಾವ ಯಾವ ವಾದ್ಯ ಬೇಕು ಅಂತ ಪಟ್ಟಿಯೇ ಇದೆ. ಹಾರ್ಪ್ಸಿಕಾರ್ಡ್ 2, ಮರದ ಕೊಳವೆಯ ಆರ್ಗನ್ 2, ಟ್ರಾಂಬೋನ್ 4, ಹೀಗೆ. ಅದರಲ್ಲಿ ರೀಗಲ್ ಅಂತ ಒಂದು ಪುಟ್ಟ ಆರ್ಗನ್, ಗೊರಗೊರ ಮೂಗಿನ ಸ್ವರ. ಸತ್ತವರನ್ನು ನದಿ ದಾಟಿಸುವ ಅಂಬಿಗ ಹಾಡುವಾಗ ಅದನ್ನೇ ನುಡಿಸಬೇಕು ಅಂತ ಮಾಂಟೆವರ್ಡಿ ಬರೆದಿದ್ದಾನೆ. ಮಾಮೂಲಿ ಆರ್ಗನ್ ಹಾಕಿದರೆ ಅಂಬಿಗ ಪಾದ್ರಿಯ ಹಾಗೆ ಕೇಳಿಸುತ್ತಾನೆ. ರೀಗಲ್ ಹಾಕಿದರೆ ನರಕದ ಬಾಗಿಲು ಕಿರುಗುಟ್ಟುತ್ತದೆ.

1969ರಲ್ಲಿ ಹಾರ್ನೋನ್‌ಕೋರ್ಟ್ ಆರ್ಕೆಸ್ಟ್ರಾದ ಕೆಲಸ ಬಿಟ್ಟರು. 17 ವರ್ಷ ಆಗಿತ್ತು. ಕಾರಣ ಅವರೇ ಹೇಳಿದ್ದಾರೆ. ಮೊಜಾರ್ಟ್‌ನ ಜಿ ಮೈನರ್ ಸಿಂಫನಿಯನ್ನು ಇನ್ನೊಂದು ಸಲ ಹಾಗೆ ಸಿಹಿ ಸಿಹಿಯಾಗಿ, ಜನ ತಲೆದೂಗುವ ಹಾಗೆ ನುಡಿಸಲು ಅವರಿಂದ ಆಗಲಿಲ್ಲ. ನಾಲ್ಕು ಮಕ್ಕಳ ಸಂಸಾರ, ಕಾಯಂ ಕೆಲಸ. ಯೋಚನೆ ಮಾಡಿ.

1971ರಲ್ಲಿ ಶುರುವಾದದ್ದು ದೊಡ್ಡ ಕೆಲಸ. ಬಾಖ್‌ನ ಸುಮಾರು 200 ಚರ್ಚ್ ಕಂಟಾಟಾಗಳನ್ನೂ, ಅಂದರೆ ಚರ್ಚಿನಲ್ಲಿ ವಾದ್ಯಗಳ ಜೊತೆ ಹಾಡುವ ರಚನೆಗಳನ್ನೂ, ಹಳೆಯ ವಾದ್ಯಗಳಲ್ಲಿ ಧ್ವನಿಮುದ್ರಿಸುವುದು. ಒಂದಷ್ಟು ಇವರು, ಒಂದಷ್ಟು ಆಮ್ಸ್ಟರ್‌ಡ್ಯಾಮಿನ ಗುಸ್ತಾಫ್ ಲಿಯೋನ್‌ಹಾರ್ಟ್. ಮುಗಿದದ್ದು 1989ರಲ್ಲಿ. ಹದಿನೆಂಟು ವರ್ಷ! ಬಾಖ್‌ನ ಚರ್ಚಿನಲ್ಲಿ ಹೆಂಗಸರು ಹಾಡುತ್ತಿರಲಿಲ್ಲ, ಅದಕ್ಕೆ ಇಲ್ಲೂ ಮೇಲಿನ ಸ್ಥಾಯಿಗೆ ಹುಡುಗರನ್ನೇ ಹಾಕಿದರು. ಕೆಲವು ಕಡೆ ಆ ಹುಡುಗರು ಒದ್ದಾಡುವುದು ಕೇಳಿಸುತ್ತದೆ. ಓಬೋ ಕೆಲವೊಮ್ಮೆ ಜಾರುತ್ತದೆ. ಆಗಿನ ವಿಮರ್ಶಕರು ಚೆನ್ನಾಗಿ ಬೈದರು. ನನ್ನ ಮಟ್ಟಿಗೆ, ಆಮೇಲೆ ಬಂದ ನುಣುಪಾದ ಧ್ವನಿಮುದ್ರಣಗಳಿಗಿಂತ ಇವೇ ಹತ್ತಿರ. ಏನನ್ನೋ ಹುಡುಕುತ್ತಿರುವವರ ಸದ್ದು ಅದು.

ಅವರು ಏನು ಹುಡುಕುತ್ತಿದ್ದರು ಅನ್ನುವುದಕ್ಕೆ ಒಂದೇ ವಾದ್ಯ ತೋರಿಸುತ್ತೇನೆ. ಬಾಖ್‌ನ ಹಾಳೆಗಳಲ್ಲಿ ಓಬೋ ದ ಕಾಚ್ಚಾ ಅಂತ ಬರುತ್ತದೆ. ಬೇಟೆಯ ಓಬೋ ಅಂತ ಅರ್ಥ. 18ನೇ ಶತಮಾನದ ಕೊನೆಗೆ ಅದು ಮರೆತೇ ಹೋಗಿತ್ತು. ಹೇಗಿತ್ತು ಅಂತ ಸರಿಯಾಗಿ ಹೇಳುವವರಿಲ್ಲ. ಬದಲಿಗೆ ಬೇರೆ ವಾದ್ಯ ನುಡಿಸಿ ಮುಗಿಸುತ್ತಿದ್ದರು. 1829ರಲ್ಲಿ ಸಂಗೀತಗಾರ ಮೆಂಡೆಲ್‌ಸನ್ ಬರ್ಲಿನ್ನಿನಲ್ಲಿ, ಯೇಸುವಿನ ಕೊನೆಯ ದಿನಗಳ ಕಥೆ ಹಾಡುವ ಬಾಖ್‌ನ ಮ್ಯಾಥ್ಯೂ ಪ್ಯಾಶನ್‌ಗೆ ಮತ್ತೆ ಜೀವ ಕೊಟ್ಟಾಗಲೂ ಸಿಗದ ಹಳೆಯ ಓಬೋಗಳ ಜಾಗದಲ್ಲಿ ಕ್ಲಾರಿನೆಟ್ ಬಂತು. ಹಾಡುವವರೇ 150ಕ್ಕೂ ಜಾಸ್ತಿ ಇದ್ದರು. ಬಾಖ್ ತನ್ನ ಊರಿನ ಆಡಳಿತಕ್ಕೆ 1730ರಲ್ಲಿ ಬರೆದ ಅರ್ಜಿಯಲ್ಲಿ ಕೇಳಿದ್ದು 12, ಸಿಕ್ಕರೆ 16 ಗಾಯಕರನ್ನು.

1970ರ ದಶಕದಲ್ಲಿ ಗಮನ ಎರಡು ವಾದ್ಯಗಳ ಕಡೆ ಹೋಯಿತು. ಒಂದು ಸ್ಟಾಕ್‌ಹೋಮ್‌ನ ವಸ್ತುಸಂಗ್ರಹಾಲಯದಲ್ಲಿ, ಇನ್ನೊಂದು ಕೋಪನ್‌ಹೇಗನ್‌ನಲ್ಲಿ. ಎರಡರ ಮೇಲೂ ಲೈಪ್ಸಿಗ್‌ನ ಕುಶಲಿ ಐಖೆನ್‌ಟಾಫ್‌ನ ಗುರುತು, ಇಸವಿ 1724. ಬಾಖ್ ಲೈಪ್ಸಿಗ್‌ಗೆ ಬಂದದ್ದು 1723ರಲ್ಲಿ. ಅಂದರೆ ಅದೇ ಊರು, ಅದೇ ಕಾಲ. ವಾದ್ಯ ನೋಡಿದರೆ ವಿಚಿತ್ರ. ಅರ್ಧಚಂದ್ರದ ಹಾಗೆ ಬಾಗಿದ ಮರದ ಕೊಳವೆ, ಮೈಗೆ ಚರ್ಮದ ಹೊದಿಕೆ, ತುದಿಯಲ್ಲಿ ಹಿತ್ತಾಳೆಯ ಅಗಲ ಬಾಯಿ.

ಬಾಗಿದ ಮರದೊಳಗೆ ತೂತು ಕೊರೆಯುವುದು ಹೇಗೆ? ಇದು ಬಡಗಿಯ ಲೆಕ್ಕ. ಮೊದಲು ನೇರ ಮರದಲ್ಲೇ ತೂತು ಕೊರೆದು, ಹೊರಮೈ ತಿರುಗಣೆಯಲ್ಲಿ ನಯ ಮಾಡುವುದು. ಆಮೇಲೆ ಒಂದು ಪಕ್ಕದಲ್ಲಿ, ಹೀರೇಕಾಯಿ ಎಣ್ಣೆಗಾಯಿಗೆ ಸೀಳುವ ಹಾಗೆ, ತುದಿಯವರೆಗೆ ಹೋಗದಂತೆ ಗರಗಸದಲ್ಲಿ ಸಾಲಾಗಿ ಗೀರು ಹಾಕುವುದು. ಹಬೆಯಲ್ಲಿ ಕಾಯಿಸಿ ಮೆಲ್ಲಗೆ ಬಗ್ಗಿಸುವುದು. ಗೀರುಗಳು ಮುಚ್ಚಿಕೊಂಡು ಕೊಳವೆ ಬಾಗುತ್ತದೆ. ಒಳಬದಿಗೆ ಒಂದು ಪಟ್ಟಿ ಅಂಟಿಸಿ ಅದು ಮತ್ತೆ ನೆಟ್ಟಗಾಗದ ಹಾಗೆ ಹಿಡಿಸುವುದು. ಗಾಳಿ ಸೋರದಿರಲಿ ಅಂತ ಮೇಲೆ ಚರ್ಮ. ವಿಯೆನ್ನಾದಲ್ಲಿ ಪೌಲ್ ಹೈಲ್‌ಪೆರಿನ್ ಇದರ ನಕಲು ಮಾಡಿದರು. ಕಾನ್‌ಸೆಂಟಸ್ ಗುಂಪಿನ ಓಬೋ ವಾದಕ ಯೂರ್ಗ್ ಶೇಫ್ಟ್‌ಲೈನ್ ಕಂಟಾಟಾಗಳಲ್ಲಿ ಅದನ್ನು ಊದಿದರು. ಮರದ ಮೆತ್ತನೆಯ ಧ್ವನಿ, ಅದರ ಹಿಂದೆ ದೂರದ ಕೊಂಬಿನ ಮೊಳಗು. ಬೇಟೆಯ ಓಬೋ ಅಂತ ಯಾಕೆ ಕರೆದರು ಅನ್ನುವುದು ಊದಿದ ಮೇಲೆ ತಿಳಿಯಿತು. ಹಿತ್ತಾಳೆಯ ಬಾಯಿಯೇ ಉತ್ತರ ಹೇಳಿತು.

ಎಲ್ಲರೂ ಒಪ್ಪಿದರು ಅಂತ ತಿಳಿಯಬೇಡಿ. ಅಮೆರಿಕದ ಸಂಗೀತ ವಿದ್ವಾಂಸ ರಿಚರ್ಡ್ ಟಾರಸ್ಕಿನ್ 1980ರ ದಶಕದಿಂದ ಒಂದು ವಾದ ಹೂಡಿದರು. ಇವರು ನುಡಿಸುವುದು ಹಳೆಯ ಕಾಲದ ಸಂಗೀತವೇ ಅಲ್ಲ, ಈ ಚುರುಕು, ಈ ಹಗುರ, ಇದೆಲ್ಲ 20ನೇ ಶತಮಾನದ ರುಚಿ ಅಂತ. ಅದರಲ್ಲಿ ಸತ್ಯ ಇದೆ. ವಾದ್ಯ ಹಳೆಯದು ತರಬಹುದು, ಕಿವಿ ಎಲ್ಲಿಂದ ತರುವುದು? ಹಾರ್ನೋನ್‌ಕೋರ್ಟ್ ಕೂಡ 'ಅಸಲಿ' ಅನ್ನುವ ಮಾತಿನಿಂದ ದೂರವೇ ಇದ್ದರು. ಮುಂದೆ ಬೀಥೋವನ್ ಸಿಂಫನಿಗಳನ್ನು ಮಾಡಿಸುವಾಗ ಆರ್ಕೆಸ್ಟ್ರಾಕ್ಕೆ ಈಗಿನ ವಾದ್ಯಗಳನ್ನೇ ಇಟ್ಟು, ಟ್ರಂಪೆಟ್ ಮಾತ್ರ ಗುಂಡಿಯಿಲ್ಲದ ಹಳೆಯದು ತರಿಸಿದರು. ಮಡಿವಂತರಿಗೆ ಇದು ಮೈಲಿಗೆ. ಅವರಿಗೆ ಬೇಕಾದ ಪಾಠ ಆ ಟ್ರಂಪೆಟ್ಟಿನಲ್ಲಿತ್ತು, ಅದನ್ನು ತೆಗೆದುಕೊಂಡರು. 2001ರಲ್ಲೂ 2003ರಲ್ಲೂ ವಿಯೆನ್ನಾದ ಹೊಸ ವರ್ಷದ ಕಛೇರಿ ನಡೆಸಿದ್ದೂ ಇವರೇ. ಕೈಯಲ್ಲಿ ಕೋಲು ಹಿಡಿಯದೆ, ಕಣ್ಣು ಅಗಲ ಮಾಡಿ, ಬರೀ ಬೆರಳಲ್ಲಿ.

2015ರ ಡಿಸೆಂಬರ್ 5, ಅವರಿಗೆ 86 ತುಂಬುವ ಹಿಂದಿನ ದಿನ. ವಿಯೆನ್ನಾದ ಕಛೇರಿಗೆ ಬಂದವರಿಗೆ ಕಾರ್ಯಕ್ರಮದ ಹಾಳೆಯ ಜೊತೆ ಅವರ ಕೈಬರಹದ ಪತ್ರವೊಂದು ಸಿಕ್ಕಿತು. ದೇಹ ಸಾಕು ಅನ್ನುತ್ತಿದೆ, ನಿಲ್ಲಿಸುತ್ತಿದ್ದೇನೆ ಅಂತ. ಮೂರು ತಿಂಗಳಿಗೆ, 2016ರ ಮಾರ್ಚ್ 5ರಂದು, ಹೋದರು. ಆಲಿಸ್ 2022ರಲ್ಲಿ. ಗುಂಪು ಇನ್ನೂ ನುಡಿಸುತ್ತಿದೆ.

ಇನ್ನು ಕೇಳೋಣ. ಮ್ಯಾಥ್ಯೂ ಪ್ಯಾಶನ್, 1727ರದ್ದು. ಯೇಸುವಿನ ವಿಚಾರಣೆ ನಡೆಯುತ್ತಿದೆ. ಜನ ಶಿಲುಬೆಗೆ ಹಾಕು ಅಂತ ಕೂಗಿದ್ದಾರೆ. ಅಧಿಕಾರಿ ಪಿಲಾತ ಕೇಳುತ್ತಾನೆ, ಇವನು ಮಾಡಿದ ಕೆಟ್ಟ ಕೆಲಸವಾದರೂ ಏನು? ಜನ ಉತ್ತರ ಕೊಡುವ ಮೊದಲು ಎಲ್ಲವೂ ನಿಲ್ಲುತ್ತದೆ. ಒಂದು ಹೆಣ್ಣು ದನಿ ಹಾಡುತ್ತದೆ. ಪ್ರೀತಿಯಿಂದ ಸಾಯಲು ಹೊರಟಿದ್ದಾನೆ ಅಂತ. ಜೊತೆಗೆ ಒಂದು ಮರದ ಕೊಳಲು. ಕೆಳಗೆ ಎರಡು ಓಬೋ ದ ಕಾಚ್ಚಾ, ಆ ಬಾಗಿದ ಕೊಳವೆಗಳು. ಕಂಟಿನ್ಯೂವೋ ಇಲ್ಲ. ಚೆಲ್ಲೋ ಇಲ್ಲ, ಆರ್ಗನ್ ಇಲ್ಲ. ಎರಡು ಗಂಟೆಯಿಂದ ಕಾಲ ಕೆಳಗೆ ನಡೆಯುತ್ತಿದ್ದ ನೆಲವನ್ನು ಬಾಖ್ ತೆಗೆದುಬಿಟ್ಟಿದ್ದಾನೆ.

ಹಾಡು ಮುಗಿದ ಕೂಡಲೇ ಜನ ಮತ್ತೆ ಕೂಗುತ್ತಾರೆ, ಬೆಚ್ಚಬೇಡಿ. ಕಾನ್‌ಸೆಂಟಸ್ ಗುಂಪಿನದೇ ಧ್ವನಿಮುದ್ರಣ, 2001ರಲ್ಲಿ ಹೊರಬಂದದ್ದು. ಆ ಫ್ಯಾನ್ ಒಂದು ಆರಿಸಿಬಿಡ್ತೀರಾ? ಕಿಟಕಿ ತೆರೆದೇ ಇರಲಿ, ಮಳೆ ಸದ್ದು ಇದ್ದರೆ ಪರವಾಗಿಲ್ಲ. ಹಾಂ, ಈಗ ಹಾಕಿ.